ಸೀಮೆಸುಣ್ಣ, ದಾರ, ಸೋನಾ ಮಸೂರಿ ಮೂಟೆ

ಹೋದ ವಾರ ಅಕ್ಕನ ಮಗ ಅರಿಜೋನಾದಿಂದ ಮೆಸೇಜ್ ಹಾಕಿದ್ದ. ಎಂಎಸ್ ಮಾಡೋಕ್ ಹೋದೋನು, ಕ್ಯಾಂಪಸ್ ಕೆಲಸದ ದುಡ್ಡು ಉಳಿಸ್ಕೊಂಡು ಒಂದು ಹಳೇ ಮಜ್ದಾ ಮಿಯಾಟಾ ತಗೊಂಡಿದಾನೆ, ಊರಲ್ಲಿ ಇನ್ನೂ ಹೇಳಿಲ್ಲ. ಅಕ್ಕ, ನೀನಿದನ್ನ ಓದಿದ್ರೆ ನಂಗೆ ಫೋನ್ ಮಾಡ್ಬೇಡ, ಅವನಿಗೇ ಮಾಡು. ಮೆಸೇಜ್ ಇಷ್ಟೇ: "ಮಾವ, 900 ಡಾಲರ್‌ಗೆ ಕಾಯಿಲೋವರ್ ಸೆಟ್ ಸಿಗ್ತಿದೆ. ಕಾರು ಕೆಳಗೆ ಕೂರುತ್ತೆ, ಸ್ಟೀರಿಂಗ್ ಶಾರ್ಪ್ ಆಗುತ್ತಂತೆ. ಹಾಕ್ಸ್ಲಾ?"

ಕಾಯಿಲೋವರ್ ಅಂದ್ರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರೋ, ಎತ್ತರ ಹೆಚ್ಚುಕಮ್ಮಿ ಮಾಡ್ಬೋದಾದ ಸೆಟ್ಟು. ಬೇಡ ಅಂತ ಒಂದೇ ಪದ ಬರೆದೆ. ಯಾಕೆ ಅಂದ. ಆಮೇಲೆ ಫೋನಲ್ಲಿ ಎರಡು ಗಂಟೆ ಮಾತಾಡಿದ್ವಿ. ಮಾತಾಡಿದ್ ಮೇಲೆ ಅನ್ನಿಸ್ತು, ಇದೇ ತಪ್ಪು ಮಾಡಿ ದುಡ್ಡು ಕಳ್ಕೊಂಡೋನು ನಾನು, ಒಂದ್ ಕಡೆ ಬರೆದಿಟ್ರೆ ಇನ್ನೊಬ್ರಿಗಾದ್ರೂ ಉಳಿಯುತ್ತೆ ಅಂತ.

ಮೊದಲು ಕಾರಿನ ಬಗ್ಗೆ ಗೊತ್ತಿಲ್ದೋರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಈ ಕಾರು ಮಾರಾಟಕ್ಕೇ ಬಂದಿಲ್ಲ, ಅದಕ್ಕೆ ಬಹಳ ಜನ ನೋಡಿರಲ್ಲ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸ್ಕೊಂಡಿದ್ದು. ಎರಡು ಸೀಟು, ತೆಗೆಯೋ ಟಾಪು, ಮುಂದೆ ಎಂಜಿನ್ನು, ಹಿಂದಿನ ಚಕ್ರಕ್ಕೆ ಪವರ್ರು, ತೂಕ ಹೆಚ್ಚುಕಮ್ಮಿ ಒಂದು ಟನ್. ಶುರುವಲ್ಲಿ ಅಮೆರಿಕದಲ್ಲಿ ಬಂದ 1.6 ಲೀಟರ್ ಎಂಜಿನ್ನಿಗೆ ಇದ್ದಿದ್ದು ಬರೀ 116 ಹಾರ್ಸ್‌ಪವರ್. ಆದ್ರೂ 2016ಕ್ಕೆ ಹತ್ತು ಲಕ್ಷ ಕಾರು ತಯಾರಾಗಿತ್ತು. ಯಾಕೆ ಅಂದ್ರೆ ಅದು ತಿರುಗೋ ರೀತಿ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ನು (ಪ್ರತಿ ಚಕ್ರವನ್ನ ಹಿಡ್ಕೊಳ್ಳೋಕೆ ಮೇಲೊಂದು ಕೆಳಗೊಂದು ತೋಳು), ಮುಂದೆ ಹಿಂದೆ ತೂಕ ಸುಮಾರಾಗಿ ಅರ್ಧ ಅರ್ಧ. ಜಪಾನಿನೋರು ಇದಕ್ಕೆ 'ಜಿನ್ಬಾ ಇತ್ತಾಯ್' ಅಂತಾರೆ, ಕುದುರೆ ಮತ್ತು ಸವಾರ ಒಂದೇ ಮೈ ಆದಂಗೆ ಅಂತ.

ನಾನು ಮಿಶಿಗನ್ನಲ್ಲಿ 2018ರಲ್ಲಿ ತಗೊಂಡಿದ್ದು 2000ದ ಮಾಡೆಲ್ಲು. ಟೆಸ್ಟ್ ಡ್ರೈವಲ್ಲಿ ಕುದುರೆಯೂ ಇಲ್ಲ ಸವಾರನೂ ಇಲ್ಲ, ಎತ್ತಿನ ಗಾಡಿ. ಹೈವೇಲಿ 70 ಮೈಲಿ ಮುಟ್ಟಿದ್ರೆ ಹಿಂದ್ಗಡೆ ಯಾರೋ ಹಿಡ್ಕೊಂಡು ಅಲ್ಲಾಡಿಸಿದಂಗೆ, ಸ್ಟೀರಿಂಗಲ್ಲಿ ನಡುವೆ ಸತ್ತ ಜಾಗ, ತಿರುಗಿಸಿ ಒಂದು ಕ್ಷಣ ಆದ್ಮೇಲೆ ಕಾರಿಗೆ ಗೊತ್ತಾಗೋದು. ನಾನೇನ್ ಮಾಡ್ದೆ, ಅಕ್ಕನ ಮಗ ಈಗ ಮಾಡೋಕ್ ಹೊರಟಿರೋದನ್ನೇ ಮಾಡ್ದೆ. ಯಾರೋ ಬಿಚ್ಚಿಟ್ಟಿದ್ದ ಅಗ್ಗದ ಕಾಯಿಲೋವರ್ ಸೆಟ್ 700 ಡಾಲರ್ ಕೊಟ್ಟು ತಂದು, ಎರಡು ವೀಕೆಂಡ್ ಗ್ಯಾರೇಜಲ್ಲಿ ಮಲ್ಕೊಂಡು ಹಾಕ್ದೆ. ಕಾರು ಎರಡು ಇಂಚು ಕೆಳಗೆ ಕೂತ್ಕೊಳ್ತು, ನೋಡೋಕೆ ಸಖತ್ ಆಗಿತ್ತು. ಓಡಿಸೋಕೆ ಮೊದಲಿಗಿಂತ ಕೆಟ್ಟದಾಯ್ತು.

ಯಾಕೆ ಅಂತ ಅರ್ಥ ಆಗೋಕೆ ನಂಗೆ ಒಂದು ವರ್ಷ ಬೇಕಾಯ್ತು. ಈ ಕಾರಿನ ಸಸ್ಪೆನ್ಶನ್ನಿಗೆ ಮೇಲೆ ಹೋಗೋಕಿರೋ ಜಾಗವೇ ಕಮ್ಮಿ. ಎರಡು ಇಂಚು ಇಳಿಸ್ಬಿಟ್ರೆ ಸ್ವಲ್ಪ ಹಳ್ಳ ಬಂದ್ರೂ ಶಾಕ್ ಅಬ್ಸಾರ್ಬರ್ ಹೋಗಿ ರಬ್ಬರ್ ಬಂಪ್ ಸ್ಟಾಪ್ ಮೇಲೆ ಕೂತ್ಕೊಳ್ಳುತ್ತೆ, ಕೂತ ತಕ್ಷಣ ಆ ಮೂಲೆಯ ಸ್ಪ್ರಿಂಗು ಏಕ್‌ದಂ ಗಟ್ಟಿ ಆದಂಗೆ ಲೆಕ್ಕ, ತಿರುವಿನ ಮಧ್ಯದಲ್ಲಿ ಹಂಗಾದ್ರೆ ಟೈರು ಜಾರುತ್ತೆ. ಇನ್ನೊಂದು, ಕಾರನ್ನ ಇಳಿಸಿದಾಗ ವಿಶ್‌ಬೋನುಗಳ ಕೋನ ಬದಲಾಗಿ ರೋಲ್ ಸೆಂಟರ್ ಅನ್ನೋದು, ಅಂದ್ರೆ ತಿರುವಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಅದು, ಕಾರಿನ ತೂಕದ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತೆ, ಅಂದ್ರೆ ಕಾರನ್ನ ವಾಲಿಸೋ ಸನ್ನೆಕೋಲು ಇನ್ನೂ ಉದ್ದ ಆಗುತ್ತೆ. ಕೆಳಗಿಳಿಸಿದ್ರೆ ವಾಲೋದು ಕಮ್ಮಿ ಆಗುತ್ತೆ ಅಂದ್ಕೊಂಡು ಹೋದ್ರೆ ಅರ್ಧ ಲಾಭ ಅಲ್ಲೇ ಕರಗೋಗುತ್ತೆ. ಬೆಂಗಳೂರಲ್ಲಿ ಸ್ಪ್ರಿಂಗ್ ಕಟ್ ಮಾಡ್ಸೋ ಹುಡುಗ್ರಿಗೂ ಇದೇ ಮಾತು, ಅವರಿಗಂತೂ ಹಂಪು ಬೇರೆ.

ಸೆಟ್ಟು ಬಿಚ್ಚಿ ಅರ್ಧ ರೇಟಿಗೆ ಮಾರಿ, ಹಳೇ ಸ್ಪ್ರಿಂಗ್ ವಾಪಸ್ ಹಾಕ್ದೆ. ಆಮೇಲೆ ನೆನಪಾಗಿದ್ದು ಟೈರ್ ಅಂಗಡಿ ಅಜ್ಜ.

ತಿಪಟೂರಲ್ಲಿ ನಮ್ಮನೆ ಎದುರು ಟೈರ್ ಪಂಕ್ಚರ್ ಅಂಗಡಿ ಇತ್ತು. ಕೊಬ್ಬರಿ ಲೋಡ್ ಲಾರಿಗಳೆಲ್ಲ ಅಲ್ಲೇ ನಿಲ್ತಿದ್ವು. ಅಜ್ಜ ಯಾವ ಮಿಷಿನ್ನೂ ಇಲ್ದೆ, ಟೈರಿನ ಮೇಲೆ ಅಂಗೈ ಇಟ್ಟು ಆ ಕಡೆ ಒಂದ್ಸಲ ಈ ಕಡೆ ಒಂದ್ಸಲ ಸವರೋರು. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಥರ ತಾಗಿದ್ರೆ ಚಕ್ರ ಸೀದಾ ಇಲ್ಲ, ಅಡ್ಡಡ್ಡ ಉಜ್ಕೊಂಡು ಹೋಗ್ತಿದೆ ಅಂತರ್ಥ. ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದಕ್ಕೆ ಟೋ ಅಂತಾರೆ ಅಂತ ನಂಗೆ ಗೊತ್ತಾಗಿದ್ದು ಅಮೆರಿಕಕ್ಕೆ ಬಂದ್ಮೇಲೆ. ನನ್ನ ಕಾರಿನ ಹಿಂದಿನ ಎಡ ಟೈರನ್ನ ಸವರಿ ನೋಡ್ದೆ, ಗರಗಸ.

ಅಲ್ಲಿಂದ ಶುರು ಮಾಡ್ದೆ, ಈ ಸಲ ಕಮ್ಮಿ ಖರ್ಚಿಂದು ಮೊದಲು.

ಮೊದಲ್ನೇದು ಗಾಳಿ. ಬಾಗಿಲು ತೆಗೆದ್ರೆ ಅಲ್ಲಿ ಸ್ಟಿಕ್ಕರ್ ಇರುತ್ತೆ, ನನ್ನ ಕಾರಿಗೆ 26 ಪಿಎಸ್‌ಐ. ಟೈರ್ ಅಂಗಡಿಯೋರು ತುಂಬಿಸಿದ್ದು 35, ಅವರು ಎಲ್ಲ ಕಾರಿಗೂ ಅಷ್ಟೇ ತುಂಬ್ಸೋದು, ಒಂದು ಟನ್ನಿನ ಕಾರೋ ಎರಡೂವರೆ ಟನ್ನಿನ ಟ್ರಕ್ಕೋ ನೋಡಲ್ಲ. ಗಾಳಿ ಇಳಿಸಿ ಮನೆಯಿಂದ ಕಾಫಿ ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಬೇರೆ ಕಾರು ಅನ್ನಿಸ್ತು, ಖರ್ಚು ಸೊನ್ನೆ. ಟೆಂಪರೇಚರ್ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದ್ರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ, ಇಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಇರುತ್ತೆ, ಅದಕ್ಕೆ ಒಂದು ಒಳ್ಳೇ ಗೇಜ್ ತಗೊಂಡೆ, 15 ಡಾಲರ್.

ಇಲ್ಲಿ ಆಟೋಕ್ರಾಸ್ ಅಂತ ಒಂದಿದೆ. ಭಾನುವಾರ ಯಾವ್ದೋ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಜೋಡಿಸಿ ಒಬ್ಬೊಬ್ರೇ ಓಡ್ಸೋದು, ಒಂದು ಕೋನ್ ಬೀಳ್ಸಿದ್ರೆ ಎರಡು ಸೆಕೆಂಡ್ ದಂಡ. ಅಲ್ಲಿ ಕಲಿತಿದ್ದು ಸೀಮೆಸುಣ್ಣದ ವಿದ್ಯೆ. ಟೈರಿನ ಮೇಲ್ಮೈ ಮುಗಿದು ಪಕ್ಕ ಶುರುವಾಗೋ ಅಂಚಲ್ಲಿ ಸೀಮೆಸುಣ್ಣ ಬಳಿದು ಒಂದು ರೌಂಡ್ ಓಡಿಸ್ಬೇಕು. ಎಲ್ಲಿವರೆಗೆ ಅಳಿಸಿದೆ ನೋಡಿ, ಪಕ್ಕದ ಗೋಡೆವರೆಗೂ ಅಳಿಸಿದ್ರೆ ಟೈರು ಮಡಚ್ಕೊಳ್ತಿದೆ, ಗಾಳಿ ಏರಿಸು. ಅಂಚು ಮುಟ್ಟೇ ಇಲ್ಲ ಅಂದ್ರೆ ಇಳಿಸು. ಇಷ್ಟೇ. ಮಗಳ ಸ್ಲೇಟಿನ ಡಬ್ಬಿಯಿಂದ ಎತ್ಕೊಂಡು ಹೋಗಿದ್ದೆ, ಮೂರು ಬಣ್ಣದ್ದು, ಬೈಸ್ಕೊಂಡೆ.

ಎರಡ್ನೇದು ಟೈರು. ಹಿಂದಿನ ಓನರ್ 17 ಇಂಚಿನ ಪಳಪಳ ವೀಲ್ ಹಾಕ್ಸಿದ್ದ. ಟೈರಲ್ಲಿ ಟ್ರೆಡ್, ಅಂದ್ರೆ ಮೇಲಿನ ಗೀರು, ಬೇಕಾದಷ್ಟಿತ್ತು, ಅದಕ್ಕೆ ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಪಕ್ಕದಲ್ಲಿ ಡಿಓಟಿ ಅಂತ ಅಚ್ಚಾಗಿರುತ್ತಲ್ಲ, ಅದರ ಕೊನೇ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಂದ್ರಲ್ಲಿ 3408. ಅಂದ್ರೆ 2008ರ 34ನೇ ವಾರ, ಹತ್ತು ವರ್ಷದ ಟೈರು! ಉಗುರಲ್ಲಿ ಒತ್ತಿದ್ರೆ ಒಣಗಿದ ತೆಂಗಿನ ಚಿಪ್ಪು. ಆ ವೀಲುಗಳನ್ನ ಮಾರಿ, ಇದೇ ಕಾರಿನ ಒರಿಜಿನಲ್ 15 ಇಂಚಿನ ಸೆಕೆಂಡ್ ಹ್ಯಾಂಡ್ ವೀಲ್ 200 ಡಾಲರ್‌ಗೆ ಹಿಡಿದು, ಅದಕ್ಕೆ 195/50ರ ಹೊಸ ಸಮ್ಮರ್ ಟೈರ್ ಹಾಕ್ಸಿದೆ, 420 ಆಯ್ತು. ಎಲ್ಲ ಸೇರಿ ಇದೊಂದೇ ದೊಡ್ಡ ಖರ್ಚು. ದೊಡ್ಡ ವೀಲ್ ಚೆನ್ನಾಗ್ ಕಾಣುತ್ತೆ ಒಪ್ತೀನಿ, ಆದ್ರೆ ಸ್ಪ್ರಿಂಗಿನ ಕೆಳಗಿರೋ ಆ ಹೆಚ್ಚಿನ ತೂಕವನ್ನ ಪ್ರತಿ ಹಳ್ಳದಲ್ಲೂ ಶಾಕ್ ಅಬ್ಸಾರ್ಬರೇ ಹಿಡ್ಕೋಬೇಕು, ಹಗುರ ಕಾರಿಗೆ ಅದು ಕಾಲಿಗೆ ಕಲ್ಲು ಕಟ್ಟಿದಂಗೆ.

ಮೂರ್ನೇದು ಅಲೈನ್‌ಮೆಂಟು. ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಮಿಯಾಟಾದ ನಿಜವಾದ ನಿಧಿ ಇಲ್ಲೇ ಇರೋದು. ಸಾಮಾನ್ಯ ಕಾರುಗಳಲ್ಲಿ ಟೋ ಒಂದನ್ನ ಸರಿ ಮಾಡ್ಬೋದು ಅಷ್ಟೇ. ಇದ್ರಲ್ಲಿ ಕೆಳಗಿನ ವಿಶ್‌ಬೋನ್ ಹಿಡ್ಕೊಂಡಿರೋ ಬೋಲ್ಟುಗಳಿಗೆ ಕ್ಯಾಮ್ ಇದೆ, ಅಂದ್ರೆ ತೂತು ನಡುವಲ್ಲಿಲ್ಲದ ಬಿಲ್ಲೆ, ತಿರುಗಿಸಿದ್ರೆ ಮುಂದೆ ಕ್ಯಾಂಬರ್, ಕ್ಯಾಸ್ಟರ್ ಎರಡೂ, ಹಿಂದೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತೆ. ಕ್ಯಾಂಬರ್ ಅಂದ್ರೆ ಮುಂದಿಂದ ನೋಡಿದ್ರೆ ಚಕ್ರ ಎಷ್ಟು ವಾಲಿದೆ ಅನ್ನೋದು, ಮೇಲ್ಭಾಗ ಒಳಕ್ಕೆ ವಾಲಿದ್ರೆ ಮೈನಸ್. ಕಂಪನಿಯೋರೇ ಕೊಟ್ಟಿರೋದು, ಒಂದು ಪಾರ್ಟೂ ಕೊಳ್ಬೇಕಾಗಿಲ್ಲ.

ಕ್ಯಾಸ್ಟರ್ ಅಂದ್ರೆ ಏನು ಅಂತ ಅಕ್ಕನ ಮಗ ಕೇಳ್ದ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರಲ್ಲ, ಓರೆಯಾಗಿರುತ್ತಲ್ಲ, ಅದು. ಕೈ ಬಿಟ್ಟು ಸೈಕಲ್ ಹೊಡೆಯೋಕಾಗೋದ್ರಲ್ಲಿ ಆ ಓರೆಗೂ ಪಾಲಿದೆ. ಕ್ಯಾಸ್ಟರ್ ಜಾಸ್ತಿ ಇದ್ರೆ ಸ್ಟೀರಿಂಗ್ ತಾನಾಗೇ ನಡುವಿಗೆ ವಾಪಸ್ ಬರುತ್ತೆ, ಕೈಗೆ ಸ್ವಲ್ಪ ತೂಕ ಸಿಗುತ್ತೆ. ಆದ್ರೆ ತೀರಾ ಜಾಸ್ತಿ ಮಾಡಿದ್ರೆ ಒಂದು ಸೂಕ್ಷ್ಮ ಕಳೆದೋಗುತ್ತೆ: ಟೈರು ಹಿಡಿತ ಬಿಡೋಕ್ ಸ್ವಲ್ಪ ಮುಂಚೆ ಸ್ಟೀರಿಂಗ್ ಹಗುರ ಆಗುತ್ತೆ, ಅದು ಟೈರ್ ನಿಮ್ಗೆ ಹೇಳೋ ಮಾತು, ಕ್ಯಾಸ್ಟರಿನ ತೂಕ ಅದನ್ನ ಮುಚ್ಚಾಕ್ಬಿಡುತ್ತೆ.

ನನ್ನ ನಂಬರ್ ಬರೀತೀನಿ, ರಸ್ತೆ ಮೇಲೆ ಓಡ್ಸೋಕೆ: ಮುಂದೆ ಕ್ಯಾಂಬರ್ ಮೈನಸ್ 1 ಡಿಗ್ರಿ, ಕ್ಯಾಸ್ಟರ್ ಐದೂವರೆ, ಟೋ ಸೊನ್ನೆ. ಹಿಂದೆ ಕ್ಯಾಂಬರ್ ಮೈನಸ್ ಒಂದೂವರೆ, ಟೋ ಒಳಕ್ಕೆ ಒಟ್ಟು 3 ಮಿಲಿಮೀಟರ್. ಹಿಂದಿನ ಚಕ್ರ ಹೊರಕ್ಕೆ ನೋಡ್ತಿದ್ರೆ ಮಾತ್ರ ದೇವ್ರೇ ಗತಿ, ನನ್ನ ಕಾರು ಹೈವೇಲಿ ಬಾಲ ಅಲ್ಲಾಡಿಸ್ತಿದ್ದಿದ್ದು ಅದಕ್ಕೇ.

ಮೊದಲು ಹೋದ ಅಂಗಡಿಯೋನು ಮುಂದಿನ ಟೋ ಮಾತ್ರ ಮುಟ್ಟಿ, ಪ್ರಿಂಟ್‌ಔಟ್ ಎಲ್ಲ ಹಸಿರು ಬಂದಿದೆ ಸರ್ ಅಂತ 90 ಡಾಲರ್ ಕಿತ್ಕೊಂಡ. ಹಸಿರು ಅಂದ್ರೆ ಕಂಪನಿ ಹೇಳಿರೋ ರೇಂಜೊಳಗೆ ಇದೆ ಅಂತಷ್ಟೆ, ಎಡಕ್ಕೂ ಬಲಕ್ಕೂ ಒಂದೇ ಇದೆ ಅಂತಲ್ಲ. ಎರಡನೇ ಸಲ ರೇಸ್ ಕಾರು ಮಾಡೋ ಒಂದು ಸಣ್ಣ ಶಾಪಿಗೆ ಹೋದೆ, ನಂಬರ್ ಬರೆದ ಚೀಟಿ ಕೊಟ್ಟೆ, 130 ತಗೊಂಡ. ಡ್ರೈವರ್ ಸೀಟಲ್ಲಿ ನನ್ನ ತೂಕ ಇಟ್ಟು ಅಳೀಬೇಕು, ಏನಾದ್ರೂ ತಗೊಂಡ್ ಬಾ ಅಂದಿದ್ದ. ಹಗುರ ಕಾರಲ್ವಾ, ಒಬ್ಬ ಮನುಷ್ಯ ಕೂತ್ರೂ ಲೆಕ್ಕ ಬದಲಾಗುತ್ತೆ. ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ನಾಲ್ಕು ಮೂಟೆ, ಮೇಲೆ ನನ್ನ ಡಂಬೆಲ್ಸು ತಗೊಂಡ್ ಹೋದೆ. ಅಕ್ಕಿ ಮೂಟೆಗೆ ಸೀಟ್‌ಬೆಲ್ಟ್ ಹಾಕಿ ಫೋಟೋ ತೆಗ್ದಿದಾನೆ ಪುಣ್ಯಾತ್ಮ, ಅವನ ಗೋಡೆ ಮೇಲಿದೆ.

ದುಡ್ಡಿಲ್ಲ ಅಂದ್ರೆ ಟೋ ಮನೇಲೇ ನೋಡ್ಬೋದು. ಸ್ಟೀರಿಂಗ್ ಸೀದಾ ಇಟ್ಟು, ಕಾರಿನ ಎರಡೂ ಪಕ್ಕ ಮೀನು ಹಿಡಿಯೋ ದಾರ ಬಿಗಿಯಾಗಿ ಕಟ್ಟಿ, ವೀಲಿನ ಮಧ್ಯದ ಎತ್ತರಕ್ಕೆ ಬರೋಹಂಗೆ, ಎರಡು ದಾರವೂ ಕಾರಿನ ನಡುಗೆರೆಗೆ ಸಮ ಇರ್ಬೇಕು, ಆಮೇಲೆ ರಿಮ್ಮಿನ ಮುಂದಿನ ಅಂಚಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿಂದ ಎಷ್ಟು ಸ್ಟೀಲ್ ಸ್ಕೇಲಲ್ಲಿ ಅಳೆದ್ರೆ ಆಯ್ತು, ವ್ಯತ್ಯಾಸವೇ ಟೋ. ಮೊದಲ ಸಲ ಮೂರು ಗಂಟೆ ಹಿಡಿಯುತ್ತೆ, ಕಾಲು ತಾಗಿ ದಾರ ಸರಿದ್ರೆ ಇನ್ನೊಂದು ಗಂಟೆ.

ಆಮೇಲೆ ರಬ್ಬರು. ಇಪ್ಪತ್ತು ವರ್ಷದ ಕಾರಲ್ಲಿ ಸಸ್ಪೆನ್ಶನ್ ಕೀಲುಗಳಲ್ಲಿರೋ ರಬ್ಬರ್ ಬುಷ್ಷುಗಳು ಹೋಗಿರ್ತವೆ, ನೀವು ಎಷ್ಟೇ ಚೆನ್ನಾಗಿ ಅಲೈನ್ ಮಾಡ್ಸಿ, ಬ್ರೇಕ್ ಹಾಕಿದ ಕೂಡ್ಲೇ ಚಕ್ರ ತನಗಿಷ್ಟ ಬಂದ ಕಡೆ ನೋಡುತ್ತೆ. ಅಲೈನ್‌ಮೆಂಟಿಗೆ ಮುಂಚೆನೇ ಇದನ್ನ ನೋಡ್ಬೇಕು, ನಾನು ಉಲ್ಟಾ ಮಾಡಿ ಎರಡು ಸಲ ದುಡ್ಡು ಕೊಟ್ಟೆ. ಜಾಕ್ ಏರಿಸಿ, ಚಕ್ರವನ್ನ ಎಡಬಲಕ್ಕೆ ಹಿಡಿದು ಅಲ್ಲಾಡಿಸಿ, ಟಕ್ ಅಂದ್ರೆ ಟೈ ರಾಡ್, ಅಂದ್ರೆ ಚಕ್ರ ತಿರುಗಿಸೋ ಸರಳು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಅಂದ್ರೆ ಬಾಲ್ ಜಾಯಿಂಟ್ ಇಲ್ಲ ಬೇರಿಂಗ್. ನಂದ್ರಲ್ಲಿ ಮುಂದಿನ ಕೆಳಗಿನ ಬುಷ್ಷು, ಕಾರು ವಾಲದಂಗೆ ತಡೆಯೋ ಆಂಟಿ ರೋಲ್ ಬಾರಿನ ಲಿಂಕು ಹೋಗಿದ್ವು, ಎಲ್ಲ ಸೇರಿ 180 ಡಾಲರ್ ಸಾಮಾನು. ಒಂದು ಮುಖ್ಯವಾದ್ದು, ಹೊಸ ರಬ್ಬರ್ ಬುಷ್ ಹಾಕಿದ್ಮೇಲೆ ಬೋಲ್ಟನ್ನ ಕಾರು ಗಾಳಿಯಲ್ಲಿರೋವಾಗ ಟೈಟ್ ಮಾಡ್ಬೇಡಿ, ಚಕ್ರದ ಮೇಲೆ ತೂಕ ಬಿದ್ಮೇಲೆ ಮಾಡಿ. ಇಲ್ಲಾಂದ್ರೆ ಕೆಳಗಿಳಿಸಿದ ಕೂಡ್ಲೇ ರಬ್ಬರ್ ತಿರುಚ್ಕೊಂಡು ಹಂಗೇ ನಿಲ್ಲುತ್ತೆ, ಬೇಗ ಹರಿಯುತ್ತೆ.

ಪವರ್ ಸ್ಟೀರಿಂಗ್ ಪೈಪ್ ಕಿತ್ತು ಲೂಪ್ ಮಾಡಿದ್ರೆ ಫೀಲ್ ಬರುತ್ತಂತೆ ಮಾವ, ಅಂದ. ಬರಲ್ಲಪ್ಪ. ಸ್ಟೀರಿಂಗ್ ತಿರುವನ್ನ ಚಕ್ರಕ್ಕೆ ತಲುಪಿಸೋ ರ್‍ಯಾಕೊಳಗಿನ ಪಿಸ್ಟನ್ ಸೀಲು ಹಂಗೇ ಉಳ್ದಿರುತ್ತೆ, ಪ್ರತಿ ಸಲ ಅದನ್ನ ತಳ್ಳೋದು ನಿನ್ನ ತೋಳು. ಸರಿಯಾಗಿ ಮಾಡ್ಬೇಕಂದ್ರೆ ರ್‍ಯಾಕ್ ಪೂರ್ತಿ ಬಿಚ್ಬೇಕು. ನಾನು ಹಳೇ ಆಯಿಲ್ ತೆಗ್ದು ಹೊಸದು ಹಾಕಿ ಸುಮ್ನಾದೆ. ಚಿಕ್ಕ ಸ್ಟೀರಿಂಗ್ ವೀಲೂ ಬೇಡ, ಏರ್‌ಬ್ಯಾಗ್ ಹೋಗುತ್ತೆ. ಮುಂದೆ ಬಾನೆಟ್ ಕೆಳಗೆ ಹಾಕೋ ಮಿರಿಮಿರಿ ಬಾರ್ ಹಾಕ್ಸಿ ನೋಡಿದೀನಿ, ನಂಗೇನೂ ಗೊತ್ತಾಗ್ಲಿಲ್ಲ, ಕಾರ್ ಮೀಟಲ್ಲಿ ಬಾನೆಟ್ ಎತ್ತಿದಾಗ ಮಾತ್ರ ಉಪಯೋಗಕ್ಕೆ ಬಂತು.

ಅದರ ಬದಲು ಸೀಟಿನ ಕವರ್ ಬಿಚ್ಚಿ ಕೆಳಗಿನ ಫೋಮ್ ಒಂದೂವರೆ ಇಂಚು ಕೊಯ್ದೆ. ನಗಬೇಡಿ. ಕೆಳಗೆ ಕೂತ್ರೆ ಕಾರಿನ ಚಲನೆ ಸೊಂಟಕ್ಕೇ ಗೊತ್ತಾಗುತ್ತೆ, ಸ್ಟೀರಿಂಗ್ ಎದೆ ಮಟ್ಟಕ್ಕೆ ಬರುತ್ತೆ, ತಲೆ ವಿಂಡ್‌ಶೀಲ್ಡ್ ಫ್ರೇಮಿಗಿಂತ ಕೆಳಗಿಳಿಯುತ್ತೆ. ಬ್ರೆಡ್ ಕೊಯ್ಯೋ ಚಾಕುವಲ್ಲಿ ಮಾಡಿದ್ದು, ಆ ಚಾಕು ವಿಷಯ ನಮ್ಮನೇಲಿ ಇನ್ನೂ ಇತ್ಯರ್ಥ ಆಗಿಲ್ಲ.

ಶಾಕ್ ಅಬ್ಸಾರ್ಬರ್ ಯಾವತ್ತೂ ಬದಲಾಯಿಸ್ಲೇಬೇಡಿ ಅಂತ ಹೇಳ್ತಿಲ್ಲ. ಹಳೇವು ಸೋರಿದ್ರೆ ಒಳ್ಳೇ ಕಂಪನಿದು ಹಾಕ್ಸಿ. ಆದ್ರೆ ಗಾಳಿ, ಟೈರು, ರಬ್ಬರು, ಅಲೈನ್‌ಮೆಂಟು ಆಗದೇ ಇರೋ ಕಾರಿಗೆ ಅದನ್ನ ಹಾಕ್ಸಿದ್ರೆ ಯಾವುದು ಒಳ್ಳೇದು ಮಾಡ್ತು ಯಾವುದು ಕೆಡಿಸ್ತು ಅಂತ ಯಾವತ್ತಿಗೂ ಗೊತ್ತಾಗಲ್ಲ, ನಂಗೆ ಒಂದು ವರ್ಷ ಗೊತ್ತಾಗ್ಲಿಲ್ಲ.

ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ. "ಮಾವ, ಕ್ಯಾಮ್ ಬೋಲ್ಟ್ ಲೂಸ್ ಮಾಡ್ದೆ, ಸ್ಪ್ಯಾನರ್ ಇಟ್ಟ ತಕ್ಷಣ ಬೆಣ್ಣೆ ಥರ ತಿರುಗ್ತು." ನಂಗೆ ಹೊಟ್ಟೆ ಉರಿದೋಯ್ತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ನನ್ನ ಬೋಲ್ಟುಗಳು ಬುಷ್ಷಿನೊಳಗಿನ ಲೋಹದ ಕೊಳವೆಗೇ ತುಕ್ಕು ಹಿಡಿದು ಅಂಟ್ಕೊಂಡಿದ್ವು, ಮೂರು ದಿನ ಆಯಿಲ್ ಕುಡಿಸಿ, ಬೆಂಕಿ ತೋರ್ಸಿ, ಕೊನೆಗೆ ಎರಡನ್ನ ಗರಗಸದಲ್ಲೇ ಕೊಯ್ಬೇಕಾಯ್ತು. ಇವನಿಗೆ ಹತ್ತು ನಿಮಿಷ. ಒಂದು ಫೋಟೋ ಕಳ್ಸು ಅಂದೆ. ಬೋಲ್ಟು ಹೊಸದರ ಥರ ಹೊಳೀತಿದೆ. ಪಕ್ಕದ ರಬ್ಬರು ಮಾತ್ರ ಅರಿಜೋನಾ ಬಿಸಿಲಿಗೆ ಬೇಸಿಗೆಯ ಕೆರೆ ಅಂಗಳ ಬಿರುಕು ಬಿಟ್ಟಂಗೆ ಬಿಟ್ಟಿದೆ. 900 ಡಾಲರಲ್ಲಿ 180 ಅದಕ್ಕೆ ಎತ್ತಿಡು ಅಂತ ಹೇಳಿದೀನಿ.