ಸ್ಪಷ್ಟನೆ: ‘ಕೊನೆಗೆ ಜೊತೆಗಿದ್ದವನೇ ಕೊಲೆಗಾರ’ ಎಂಬ ಕಾನೂನಿಲ್ಲ

ಸತ್ತವರ ಜೊತೆ ಕೊನೆಗೆ ಕಂಡವನೇ ಅಪರಾಧಿ, ಕಾನೂನೇ ಹಾಗನ್ನುತ್ತದೆ ಎಂಬ ಸಂದೇಶ ಕಾಸರಗೋಡಿನ ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಸುಳಿವುಗಳಿಗೆ ಚೆನ್ನಾಗಿ ಹೊಂದುವ ವಿವರಣೆಯನ್ನು ಊಹಿಸುವುದು, ಅಂದರೆ ಅಬ್ಡಕ್ಷನ್, ತನಿಖೆಯ ಮೊದಲ ಹೆಜ್ಜೆ. ಎಲ್ಲಿ ಹುಡುಕಬೇಕೆಂದು ಅದು ತೋರಿಸುತ್ತದೆ, ಅಷ್ಟೇ. ಇಬ್ಬರು ಸಂಜೆ 7ಕ್ಕೆ ಕುಂಬಳೆ ಪೇಟೆಯಲ್ಲಿ ಒಟ್ಟಿಗಿದ್ದರು, ಮರುದಿನ ಮಧ್ಯಾಹ್ನ ಒಬ್ಬನ ಶವ ಹೊಳೆಬದಿಯಲ್ಲಿ ಸಿಕ್ಕಿತು ಎಂದುಕೊಳ್ಳಿ. ನಡುವಿನ ಅಷ್ಟು ಗಂಟೆಗಳಲ್ಲಿ ಮೂರನೆಯವನು ಬಂದಿರಬಹುದಲ್ಲ? ಅಂತರ ಹಿಗ್ಗಿದಷ್ಟೂ ಈ ಸಾಕ್ಷ್ಯ ಸೊರಗುತ್ತದೆ.

ಸುಪ್ರೀಂ ಕೋರ್ಟಿನ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನಂತೆ, ಸಾಂದರ್ಭಿಕ ಸಾಕ್ಷ್ಯದ (ಕಣ್ಣಾರೆ ಕಂಡವರಿಲ್ಲದಾಗ ಸುಳಿವುಗಳಿಂದ ಕಟ್ಟುವ ಸಾಕ್ಷ್ಯ) ಕೊಂಡಿಗಳೆಲ್ಲ ಕೂಡಿ ಬೇರಾವ ಸಾಧ್ಯತೆಗೂ ಎಡೆಗೊಡಬಾರದು. ‘ಮಾಡಿರಬಹುದು’ ಸಾಲದು. ‘ಆರೋಪಿಯೇ ವಿವರಿಸಲಿ’ ಎನ್ನುವವರು ನೆಚ್ಚುವ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ (ಹಳೆಯ ಸಾಕ್ಷ್ಯ ಕಾಯ್ದೆಯ 106; ಒಬ್ಬನಿಗೆ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ಸಾಬೀತುಪಡಿಸಬೇಕು ಎನ್ನುವುದು) ಕೂಡ, ಪ್ರಾಸಿಕ್ಯೂಷನ್ ಮೊದಲು ತನ್ನ ಹೊಣೆ ಪೂರೈಸಿದ ಬಳಿಕವಷ್ಟೇ ಅನ್ವಯವಾಗುತ್ತದೆ.