ಮೂರು ನಿಯಮಗಳು ಕಾನೂನಲ್ಲ: ಒಂದು ಸ್ಪಷ್ಟನೆ

ಎಲ್ಲ ರೋಬಾಟ್‌ಗಳಲ್ಲೂ ವೈಜ್ಞಾನಿಕ ಕತೆಗಾರ ಐಸಾಕ್ ಅಸಿಮೋವ್ ಅವರ ಮೂರು ನಿಯಮಗಳನ್ನು ಕಡ್ಡಾಯವಾಗಿ ಅಳವಡಿಸಿರುತ್ತಾರೆ, ಹಾಗಾಗಿ ಅವು ಮನುಷ್ಯರಿಗೆ ಹಾನಿ ಮಾಡಲಾರವು ಎಂಬ ಸಂದೇಶವೊಂದು ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಮನುಷ್ಯನಿಗೆ ಹಾನಿ ಮಾಡಬಾರದು, ಅದಕ್ಕೆ ವಿರುದ್ಧವಾಗದಂತೆ ಆಜ್ಞೆ ಪಾಲಿಸಬೇಕು, ಇವೆರಡಕ್ಕೂ ಧಕ್ಕೆಯಾಗದಂತೆ ತನ್ನನ್ನು ಕಾಪಾಡಿಕೊಳ್ಳಬೇಕು ಎನ್ನುವ ಈ ನಿಯಮಗಳು ಅವರ 1942ರ ಕತೆಯೊಂದರಲ್ಲಿ ಮೊದಲಿಗೆ ಪೂರ್ಣರೂಪ ಪಡೆದವು. ಅವು ಯಾವ ದೇಶದ ಕಾನೂನೂ ಅಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಬೆಸುಗೆ ಹಾಕುವ ರೋಬಾಟ್ ತೋಳಿನಿಂದ ಕಾರ್ಮಿಕರನ್ನು ಕಾಯುವುದು ಬೇಲಿ, ಸೆನ್ಸರ್ ಮತ್ತು ತುರ್ತು ನಿಲುಗಡೆಯ ಗುಂಡಿಯೇ ಹೊರತು ಯಂತ್ರದ ನೀತಿಪ್ರಜ್ಞೆಯಲ್ಲ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆಯೆಂದರೆ, ಅಸಿಮೋವ್ ಅವರ ಕತೆಗಳು ಈ ನಿಯಮಗಳ ಗೆಲುವನ್ನು ಸಾರುತ್ತವೆ ಎಂಬುದು. 1942ರ ಆ ಕತೆಯಲ್ಲೇ, ಬುಧಗ್ರಹದಲ್ಲಿರುವ ರೋಬಾಟ್, ಸೆಲೀನಿಯಂ ಎಂಬ ಧಾತುವನ್ನು ತರಬೇಕೆಂಬ ಒತ್ತಿ ಹೇಳದ ಆಜ್ಞೆಗೂ ಬಿಗಿಗೊಳಿಸಿದ ಆತ್ಮರಕ್ಷಣೆಯ ನಿಯಮಕ್ಕೂ ನಡುವೆ ಸಿಲುಕಿ, ಅಪಾಯವಿರುವ ಸೆಲೀನಿಯಂ ಕೊಳದ ಸುತ್ತ ಸುತ್ತುತ್ತಲೇ ಇರುತ್ತದೆ (ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಿಕ್ಕಿಬಿದ್ದವರಿಗೆ ಅದರ ಪಾಡು ಅರ್ಥವಾದೀತು). ಅಸಿಮೋವ್ ಅವರ 1985ರ ಕಾದಂಬರಿಯಲ್ಲಿ ಒಬ್ಬ ಮನುಷ್ಯನಿಗಿಂತ ಇಡೀ ಮನುಕುಲದ ಹಿತ ಮುಖ್ಯವೆಂಬ ‘ಸೊನ್ನೆಯ ನಿಯಮ’ ಬಂದಾಗಲಂತೂ, ಆ ಹಿತವನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ.

‘ರೋಬಾಟ್’ ಪದವೂ ಅಸಿಮೋವ್ ಅವರದಲ್ಲ. ಅದು ಕಡ್ಡಾಯ ದುಡಿಮೆ ಎಂಬರ್ಥದ ಝೆಕ್ ಪದದಿಂದ ಬಂದದ್ದು, ಬಳಕೆಗೆ ತಂದದ್ದು ಕರೆಲ್ ಚಾಪೆಕ್ ಅವರ 1920ರ ನಾಟಕ.