ಸತ್ಯಾಂಶ: ಬೈಡನ್ ಯೋಜನೆಗೆ ತಡೆ ಹಾಕಿದ್ದು ಯಾರು?

"ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಪ್ರಗತಿಪರರು ಹಟ ಹಿಡಿದು ಬೈಡನ್ ಅವರ ದೊಡ್ಡ ಯೋಜನೆಗಳನ್ನೆಲ್ಲ ಕೆಡಿಸಿದರು" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ. ಪ್ರಗತಿಪರರು ಅಂದರೆ ಆ ಪಕ್ಷದ ಎಡಕ್ಕೆ ವಾಲಿದ ಗುಂಪು.

2021ರಲ್ಲಿ ಆಗಿನ ಅಧ್ಯಕ್ಷ ಬೈಡನ್ ಅವರ ಎರಡು ಮಸೂದೆಗಳಿದ್ದವು. ಒಂದು ರಸ್ತೆ, ಸೇತುವೆಗಳದ್ದು. ಇನ್ನೊಂದು ಮಕ್ಕಳ ಆರೈಕೆ, ಹವಾಮಾನದಂಥ ವಿಷಯಗಳದ್ದು; ಮೊದಲಿಗೆ ಅದರ ಗಾತ್ರ 3.5 ಲಕ್ಷ ಕೋಟಿ ಡಾಲರ್. ಎರಡೂ ಜೊತೆಯಾಗಿ ಬರಲಿ ಅಂತ ಪ್ರಗತಿಪರರು ಮೊದಲನೆಯದನ್ನು ಕೆಲವು ವಾರ ತಡೆದದ್ದು ನಿಜ. ಆದರೆ ನವೆಂಬರ್ 5ರಂದು ಅದು ಕೆಳಮನೆಯಲ್ಲಿ 228–206 ಮತಗಳಿಂದ ಪಾಸಾಯಿತು. ವಿರೋಧಿಸಿದ ಡೆಮಾಕ್ರಟರು ಆರೇ ಜನ.

ಎರಡನೆಯದು ನಿಂತದ್ದು ಮೇಲ್ಮನೆಯಾದ ಸೆನೆಟ್‌ನಲ್ಲಿ. ಅಲ್ಲಿ ಆಗ ಎರಡೂ ಕಡೆಯ ಬಲ 50–50. ಒಂದು ಮತ ಕೈತಪ್ಪಿದರೂ ಕಷ್ಟ, ಅಲ್ವಾ? ಡಿಸೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದವರೇ ಆದ, ಮಧ್ಯಪಂಥದ ಸೆನೆಟರ್ ಜೋ ಮ್ಯಾಂಚಿನ್ ಬೆಂಬಲ ಕೊಡುವುದಿಲ್ಲ ಎಂದರು. ಬೆಲೆ ಏರಿಕೆ, ಸರ್ಕಾರದ ಸಾಲ ಅವರ ಕಾರಣಗಳು. ಆ ಕಾರಣಗಳನ್ನು ನೀವು ಒಪ್ಪಬಹುದು, ಬಿಡಬಹುದು. ತಡೆದವರ ಹೆಸರನ್ನೇ ಬದಲಿಸುವುದು ಮಾತ್ರ ನ್ಯಾಯವಲ್ಲ.

ಎರಡನೆಯದರ ಬದಲಿಗೆ 2022ರ ಆಗಸ್ಟ್‌ನಲ್ಲಿ ಮ್ಯಾಂಚಿನ್ ಒಪ್ಪಿದ, ಗಾತ್ರದಲ್ಲಿ ಚಿಕ್ಕದಾದ ಹಣದುಬ್ಬರ ಇಳಿಕೆ ಮಸೂದೆ ಬಂತು. ಮಕ್ಕಳ ಆರೈಕೆಯ ಭಾಗ ಅದರಲ್ಲಿ ಇರಲಿಲ್ಲ. ಅದು ನಿಜಕ್ಕೂ ಬೇಸರದ ವಿಷಯ. ಆದರೂ ಕೆಳಮನೆಯಲ್ಲಿ ಪ್ರಗತಿಪರರೂ ಸೇರಿ ಒಬ್ಬ ಡೆಮಾಕ್ರಟ್ ಕೂಡ ಅದರ ವಿರುದ್ಧ ಮತ ಹಾಕಲಿಲ್ಲ.